ದೀಪ ದಾಟಿದ ಮೇಲಿನ ನೀರು

1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಲ್ಲಿ ನೀರು ಕುಡಿದ ಅಂದಾಜು ನಾಲ್ಕು ಲಕ್ಷ ಜನ ಭೇದಿಯಿಂದ ನರಳಿದರು. ಆ ನೀರಿಗೆ ಕ್ಲೋರಿನ್ ಹಾಕಿಯೇ ಇದ್ದರು. ಆದರೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಯ ಗಟ್ಟಿ ಕವಚದ ಮುಂದೆ, ಕುಡಿಯುವ ನೀರಿಗೆ ಬೆರೆಸುವಷ್ಟು ಕ್ಲೋರಿನ್ನಿನ ಆಟ ನಡೆಯುವುದಿಲ್ಲ. 1908ರಲ್ಲಿ ಜರ್ಸಿ ಸಿಟಿಯ ನೀರಿಗೆ ಸೇರಿದಂದಿನಿಂದ ಟೈಫಾಯ್ಡ್, ಕಾಲರಾಗಳಿಂದ ಅಸಂಖ್ಯ ಜೀವಗಳನ್ನು ಉಳಿಸಿದ ರಾಸಾಯನಿಕ ಅದು. ಅದೊಂದೇ ಸಾಕೆಂಬ ನಂಬಿಕೆ ಮಾತ್ರ ತಪ್ಪಾಗಿತ್ತು.

ಅದೇ ಪರಾವಲಂಬಿ ನೇರಳಾತೀತ ಬೆಳಕಿಗೆ ಸುಲಭವಾಗಿ ಸೋಲುತ್ತದೆ. 254 ನ್ಯಾನೋಮೀಟರ್ ತರಂಗಾಂತರದ ಬೆಳಕು ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಎಂಬ ಘಟಕಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಆಮೇಲೆ ಆ ಜೀವಿ ತನ್ನ ಸಂತತಿ ಬೆಳೆಸಲಾರದು. ಹಾಗಾದರೆ ವಾಸನೆಯ ಕ್ಲೋರಿನ್ ಏಕೆ, ಬೆಳಕೇ ಸಾಲದೇ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಬೆಳಕಿನ ಕೆಲಸ ದೀಪದ ಎದುರೇ ಶುರುವಾಗಿ ಅಲ್ಲೇ ಮುಗಿಯುತ್ತದೆ. ನೀರು ಕದಡಿದ್ದರೆ ಕಣಗಳ ಮರೆಯಲ್ಲಿ ಬ್ಯಾಕ್ಟೀರಿಯಾ ಬಚಾವಾಗುತ್ತವೆ. ಏಟು ತಿಂದ ಕೆಲವು ತಮ್ಮ ಡಿಎನ್‌ಎಯನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಅಡಿನೋವೈರಸ್ಸಂತೂ ಈ ಬೆಳಕಿಗೆ ಜಗ್ಗುವುದು ಕಷ್ಟ; ಕ್ಲೋರಿನ್‌ಗಾದರೆ ಬೇಗ ಸಾಯುತ್ತದೆ.

ಇನ್ನು ಪೈಪಿನ ದಾರಿ. ನಮ್ಮ ಎಷ್ಟೋ ಊರುಗಳಲ್ಲಿ ನೀರು ಬಿಡುವುದು ಕೆಲವು ದಿನಗಳಿಗೊಮ್ಮೆ. ಒತ್ತಡ ಇಳಿದ ಪೈಪು ಬಿರುಕುಗಳ ಮೂಲಕ ಸುತ್ತಲಿನ ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಸದಾ ನೀರು ಬರುವ ಬಡಾವಣೆಗಳನ್ನೂ ಬಿಟ್ಟುಬಿಟ್ಟು ಬರುವ ಬಡಾವಣೆಗಳನ್ನೂ ಹೋಲಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನ ಎರಡನೆಯ ಕಡೆಯೇ ಕೊಳೆ ಹೆಚ್ಚೆಂದು ತೋರಿಸಿತು. ಶುದ್ಧೀಕರಣ ಘಟಕದ ದೀಪ ಎಷ್ಟು ಪ್ರಖರವಾಗಿದ್ದರೂ ಈ ಕೊಳೆಯನ್ನು ಮುಟ್ಟಲಾರದು. ನೀರಿನ ಜೊತೆ ನಲ್ಲಿಯವರೆಗೂ ಬರುವುದು ಕ್ಲೋರಿನ್ ಒಂದೇ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂದು ಭಾರತೀಯ ಮಾನದಂಡ ಹೇಳುವುದು ಅದಕ್ಕೇ. ಹರಿದು ಬಂದ ಚರಂಡಿಯನ್ನೆಲ್ಲ ಅಷ್ಟು ಕ್ಲೋರಿನ್ ಗೆಲ್ಲುತ್ತದೆಂದಲ್ಲ. ಆದರೆ ನಲ್ಲಿಯಲ್ಲಿ ಅದು ಕಾಣೆಯಾದರೆ ದಾರಿಯಲ್ಲಿ ಏನೋ ಕೆಟ್ಟಿದೆ ಎಂಬ ಸುಳಿವಾದರೂ ಸಿಗುತ್ತದೆ.

ಕ್ಲೋರಿನ್ ಬಗೆಗಿನ ಆತಂಕ ಸುಳ್ಳಲ್ಲ. ನೀರಿನಲ್ಲಿರುವ ಸಸ್ಯಮೂಲದ ಅಂಶಗಳ ಜೊತೆ ಸೇರಿ ಅದು ಟ್ರೈಹ್ಯಾಲೋಮೀಥೇನ್ ಎಂಬ ಹಾನಿಕರ ಸಂಯುಕ್ತಗಳನ್ನು ಹುಟ್ಟಿಸುತ್ತದೆಂದು ಡಚ್ ರಸಾಯನಶಾಸ್ತ್ರಜ್ಞ ಯೋಹಾನ್ಸ್ ರೋಕ್ 1974ರಲ್ಲೇ ತೋರಿಸಿದರು. ಬೆಳಕು-ಕ್ಲೋರಿನ್ ಜೋಡಿಯ ಅಗತ್ಯ ಇಲ್ಲೇ ಇನ್ನಷ್ಟು ಸ್ಪಷ್ಟ: ಗಟ್ಟಿ ಜೀವಿಗಳ ಹೊಣೆ ಬೆಳಕಿಗೆ ಬಿಟ್ಟರೆ, ಕ್ಲೋರಿನ್ನನ್ನು ಪೈಪಿನ ಕಾವಲಿಗೆ ಬೇಕಾದಷ್ಟೇ ಬೆರೆಸಬಹುದು. ಸಾಮಾನ್ಯವಾಗಿ ಬೆಳಕು ಮೊದಲು, ಕಾವಲಿನ ಕ್ಲೋರಿನ್ ನಂತರ. ಏಕೆಂದರೆ ಬೆಳಕು ಕ್ಲೋರಿನ್ನನ್ನೂ ಒಡೆಯುತ್ತದೆ. ಕ್ಯಾಟ್‌ಸ್ಕಿಲ್-ಡೆಲವೇರ್ ಜಲಾಶಯಗಳ ನೀರಿಗೆ ಬೃಹತ್ ನೇರಳಾತೀತ ಘಟಕ ಕಟ್ಟಿಕೊಂಡ ನ್ಯೂಯಾರ್ಕ್ ಇಂದಿಗೂ ಕ್ಲೋರಿನ್ ಬಿಟ್ಟಿಲ್ಲ.

ಹಣ ಕಡಿಮೆಯಿರುವ, ಕರೆಂಟು ಕೈಕೊಡುವ ಸಣ್ಣ ಪಟ್ಟಣ ಎಲ್ಲಿಂದ ಶುರುಮಾಡಬೇಕು? ನನ್ನ ಮಟ್ಟಿಗೆ, ಪೈಪಿನ ಕಟ್ಟಕಡೆಯ ಮನೆಯ ನಲ್ಲಿಯಲ್ಲಿ ದಿನವೂ ಕ್ಲೋರಿನ್ ಅಳೆಯುವುದರಿಂದ. ದೀಪಕ್ಕೆ ಟೆಂಡರ್ ಕರೆಯುವುದು ಅದಾದ ಮೇಲೆ.