ಆಕಾಶದಲ್ಲೊಂದು ಹಾಸಿಗೆ

ಹೋಗುವಾಗ ನಾವಿಬ್ಬರೂ ಹಿಂದಿನ ಸೀಟುಗಳಲ್ಲೇ ಕೂತು ಹೋದೆವು. ಬೆಂಗಳೂರಿನಲ್ಲಿ ಹತ್ತಿದವರು ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಇಳಿದೆವು, ನಡುವೆ ಎಲ್ಲೂ ನಿಲ್ಲಲಿಲ್ಲ. ಇಳಿಯುವ ಹೊತ್ತಿಗೆ ನನ್ನ ಬಲಮಂಡಿ ಹಲಸಿನಕಾಯಿಯಷ್ಟು ಊದಿತ್ತು. ವಿಮಾನದ ತಪ್ಪೇನಲ್ಲ ಬಿಡಿ, ಎಪ್ಪತ್ತು ವರ್ಷದ ಮಂಡಿಯ ತಪ್ಪು. ಅದನ್ನು ನೋಡಿದ ಮಗಳು ವಾಪಸು ಹೊರಡುವಾಗ ತಾನು ಕೂಡಿಟ್ಟಿದ್ದ ಪಾಯಿಂಟುಗಳನ್ನೆಲ್ಲ ಸುರಿದು ಒಂದು ಟಿಕೆಟನ್ನು ಬಿಸಿನೆಸ್ ಕ್ಲಾಸಿಗೆ ಏರಿಸಿದಳು. ಒಂದೇ ಒಂದು. ಎರಡಕ್ಕೆ ಪಾಯಿಂಟು ಸಾಲಲಿಲ್ಲ.

ಅಲ್ಲಿಂದ ಶುರುವಾಯಿತು ಜಗಳ. ನಮ್ಮನೆ ಮೇಷ್ಟ್ರು ನನಗಿಂತ ಐದು ವರ್ಷ ದೊಡ್ಡವರು. "ನೀವೇ ಮುಂದೆ ಕೂರಿ" ಅಂದೆ. "ನಿನ್ನ ಮಂಡಿಗೆ ಕೊಟ್ಟ ಟಿಕೆಟ್ಟು, ನನ್ನ ಮಂಡಿಗಲ್ಲ" ಅಂದರು. ಮೂರು ದಿನ ಹೀಗೇ ನಡೆಯಿತು. ಕೊನೆಗೆ ಮೊಮ್ಮಗ, "ಅಜ್ಜಿ, ಆ ಸೀಟು ನಿಜವಾಗಿ ಮಂಚ ಆಗುತ್ತಾ ಅಂತ ನೋಡಿ ಬಂದು ಹೇಳು" ಅಂದ. ಅವನ ಮಾತಿಗೆ ಸೋತೆ.

ಈ ಮಾರ್ಗದ ಕಥೆ ಮಕ್ಕಳಿಗೆ ಹೇಳಬೇಕು. ಏರ್ ಇಂಡಿಯಾ ಇದನ್ನು ಶುರು ಮಾಡಿದ್ದು 2021ರ ಜನವರಿಯಲ್ಲಿ. 9ನೇ ತಾರೀಖು ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲ ವಿಮಾನವನ್ನು ನಡೆಸಿದವರು ನಾಲ್ವರು ಹೆಣ್ಣುಮಕ್ಕಳು: ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಣೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲೆ ಹಾರಿ, ಸುಮಾರು 17 ಗಂಟೆಯಲ್ಲಿ ಬೆಂಗಳೂರಿಗೆ ಬಂದರು. ಆದರೆ ಇಳಿದದ್ದು 11ನೇ ತಾರೀಖು ಸೋಮವಾರ ನಸುಕಿನಲ್ಲಿ! ಹಾಗಾದರೆ ಭಾನುವಾರ ಎಲ್ಲಿ ಹೋಯಿತು? ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿನದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅವರು ಹೊರಟಾಗಲೇ ಇಲ್ಲಿ ಭಾನುವಾರ ಬೆಳಗಾಗಿತ್ತು. ಉಳಿದ ಭಾನುವಾರ ಆಕಾಶದಲ್ಲೇ ಕಳೆಯಿತು. ರಜೆಯೊಂದು ಹೀಗೆ ಕೈತಪ್ಪಿದರೆ ನೀವು ಸುಮ್ಮನಿರುತ್ತಿದ್ದಿರಾ?

ಅಮೆರಿಕದಿಂದ ಭಾರತಕ್ಕೆ ಬರಲು ಉತ್ತರ ಧ್ರುವಕ್ಕೆ ಯಾಕೆ ಹೋಗಬೇಕು ಅಂತ ನನಗೂ ಅನ್ನಿಸಿತ್ತು. ಮೇಷ್ಟ್ರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಮೊಮ್ಮಗನ ಗ್ಲೋಬ್ ಎತ್ತಿಕೊಂಡು ಒಂದು ದಾರವನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲಿಟ್ಟು ಬೆಂಗಳೂರಿನವರೆಗೆ ಬಿಗಿಯಾಗಿ ಎಳೆದರು. ದಾರ ತಾನಾಗಿ ಅಲಾಸ್ಕದ ಮೇಲೆ ಹತ್ತಿ, ಹಿಮದ ನಾಡಿನ ಅಂಚು ಸವರಿ, ಸೈಬೀರಿಯದಿಂದ ಕೆಳಗಿಳಿಯಿತು. ಗೋಡೆಯ ಮೇಲಿನ ಚಪ್ಪಟೆ ನಕಾಶೆಯಲ್ಲಿ ಇದು ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ಗ್ಲೋಬ್ ಇದ್ದರೆ ಮಾಡಿ ನೋಡಿ. ಇಷ್ಟಾದರೂ ವಿಮಾನ ದಾರದಂತೆಯೇ ಹಾರುವುದಿಲ್ಲ. ಆವತ್ತಿನ ಗಾಳಿ ನೋಡಿ ದಾರಿ ನಿಶ್ಚಯಿಸುತ್ತಾರೆ.

ಹೊರಡುವ ದಿನ ನನ್ನನ್ನು ಮುಂದಿನ ಸಾಲಿನಲ್ಲಿ ಕರೆದರು, ಅವರನ್ನು ಹಿಂದಿನ ಸಾಲಿನಲ್ಲಿ. ಮದುವೆಯಾಗಿ ನಲವತ್ತಾರು ವರ್ಷ, ಬೇರೆ ಬೇರೆ ಸಾಲಿನಲ್ಲಿ ನಿಂತದ್ದು ಮತದಾನದ ದಿನ ಮಾತ್ರ.

ಸೀಟು ಅಂದರೆ ಸೀಟೇ. ಕಾಲು ಪೂರ್ತಿ ಚಾಚಿದರೂ ಎದುರಿನದು ತಾಗುವುದಿಲ್ಲ. ಬಿಸಿ ಬಟ್ಟೆ ಕೊಟ್ಟರು, ಮುಖ ಒರೆಸಿಕೊಂಡೆ. ಒಂದು ಪುಟ್ಟ ಚೀಲ ಕೊಟ್ಟರು; ಅದರಲ್ಲಿ ಕಾಲುಚೀಲ, ಕಣ್ಣುಪಟ್ಟಿ, ಹಲ್ಲುಜ್ಜುವ ಬ್ರಷ್. ಊಟಕ್ಕೆ ಮೇಜಿನ ಮೇಲೆ ಬಟ್ಟೆ ಹಾಸಿದರು. ಗುಂಡಿ ಒತ್ತಿದರೆ ಬೆನ್ನು ಕೆಳಗೆ, ಕಾಲು ಮೇಲೆ, ನೋಡನೋಡುತ್ತಾ ಸೀಟು ಮಂಚವೇ ಆಯಿತು. ಎರಡು ಸಲ ಮೇಲೆ ಕೆಳಗೆ ಮಾಡಿ ನೋಡಿದೆ. ಪಕ್ಕದ ಟೈ ಕಟ್ಟಿದ ಮಹಾಶಯ ಕಣ್ಣು ಬಿಟ್ಟ ಅಂತ ಮೂರನೇ ಸಲ ಬಿಟ್ಟೆ. ಮಂಡಿ ಎಷ್ಟು ತಿಂಗಳ ಮೇಲೋ ನೇರವಾಗಿ ಮಲಗಿತು. ಆದರೆ ಕಣ್ಣು ಮಲಗಲಿಲ್ಲ. ಆ ಪರದೆಯ ಹಿಂದೆ ಮೇಷ್ಟ್ರು ನಡುವಿನ ಸಾಲಿನಲ್ಲಿ ಮೊಣಕೈ ಮುದುಡಿಕೊಂಡು ಕೂತಿದ್ದರಲ್ಲ.

ನಾಲ್ಕೈದು ಗಂಟೆ ಕಳೆದಿರಬೇಕು. ಎದುರಿನ ಪರದೆಯ ನಕಾಶೆಯಲ್ಲಿ ಪುಟ್ಟ ವಿಮಾನ ಅಲಾಸ್ಕ ದಾಟಿತ್ತು. ಹೊರಗೆ ಮೈನಸ್ 50 ಡಿಗ್ರಿ ದಾಟಿದ ಚಳಿ. ಅಮೆರಿಕದಲ್ಲಿ ತುಂಬುವ ಇಂಧನ ಮೈನಸ್ 40ರ ಆಸುಪಾಸಿನಲ್ಲೇ ಹೆಪ್ಪುಗಟ್ಟತೊಡಗುತ್ತದಂತೆ. ಅದಕ್ಕೇ ಪೈಲಟ್‌ಗಳು ಟ್ಯಾಂಕಿನ ಬಿಸುಪನ್ನು ಕಾಯುತ್ತಲೇ ಇರುತ್ತಾರೆ, ತೀರಾ ತಣ್ಣಗಾದರೆ ಕೊಂಚ ಬಿಸಿ ಗಾಳಿಯ ಎತ್ತರಕ್ಕೆ ಇಳಿಸುತ್ತಾರೆ. ಎಲ್ಲರೂ ಮಲಗಲೆಂದು ಕಿಟಕಿ ಮುಚ್ಚಿಸಿದ್ದರು. ನಾನು ಕಳ್ಳಿಯಂತೆ ಎರಡು ಬೆರಳಷ್ಟು ತೆರೆದೆ.

ಮಧ್ಯರಾತ್ರಿಯಲ್ಲಿ ಬಿಸಿಲು! ಕೆಳಗೆ ಕೊನೆಯಿಲ್ಲದ ಬಿಳಿ ಸಮುದ್ರ, ಒಡೆದ ಕನ್ನಡಿಯಂತೆ ಕಪ್ಪು ಬಿರುಕುಗಳು. ಆ ಮಂಜಿನ ಮೇಲೆ ಕೆಂಬಣ್ಣದ ಬೆಳಕು. ಆಗ ಜೂನ್ ತಿಂಗಳು. ಜನವರಿಯಲ್ಲಿ ಆ ಸೀಮೆಯಲ್ಲಿ ಸೂರ್ಯನೇ ಬರುವುದಿಲ್ಲ. ಮೊದಲು ಹಾರಿದ ಆ ನಾಲ್ವರ ಕೆಳಗೆ ಧ್ರುವ ಕತ್ತಲಲ್ಲಿತ್ತು.

ಇದನ್ನು ನೋಡಬೇಕಾದವಳು ನಾನಲ್ಲ. ಕಾಲುಚೀಲದಲ್ಲೇ ಎದ್ದು, ಕುಂಟುತ್ತಾ ಪರದೆಯ ಹತ್ತಿರ ಹೋದೆ. ಗಗನಸಖಿಗೆ ವಿಷಯ ಹೇಳಿದೆ. ಇವರನ್ನು ಐದು ನಿಮಿಷ ನನ್ನ ಸೀಟಿನಲ್ಲಿ ಕೂರಿಸಬಹುದಾ ಅಂತ ಕೇಳಿದೆ. ಆ ಹುಡುಗಿ ಯೋಚಿಸಿ, "ಅಲ್ಲಿ ಬೇಡ ಅಮ್ಮ, ಬಾಗಿಲಿನ ಹತ್ತಿರ ಒಂದು ಕಿಟಕಿ ಇದೆ, ಕರೆದುಕೊಂಡು ಬನ್ನಿ" ಅಂದಳು.

ಮೇಷ್ಟ್ರು ನಿದ್ದೆ ಮಾಡಿರಲಿಲ್ಲ. ಪಕ್ಕದ ಹುಡುಗನಿಗೆ ಕಿತ್ತಳೆಹಣ್ಣು ಹಿಡಿದು ಭೂಮಿ ವಾಲಿರುವುದನ್ನು ತೋರಿಸುತ್ತಿದ್ದರು. ಎದ್ದು ಬಂದು ಬಾಗಿಲಿನ ಪುಟ್ಟ ಗಾಜಿಗೆ ಹಣೆ ಆನಿಸಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಅದು ಯಾವ ದಿಕ್ಕು?"

"ಉತ್ತರ ಅಂಕಲ್" ಅಂದಳು ಹುಡುಗಿ.

"ಉತ್ತರದಲ್ಲಿ ಸೂರ್ಯ!" ಅಂತ ನಗತೊಡಗಿದರು. "ಪೂರ್ವದಲ್ಲಿ ಹುಟ್ಟುತ್ತಾನೆ, ಪಶ್ಚಿಮದಲ್ಲಿ ಮುಳುಗುತ್ತಾನೆ ಅಂತ ಎಷ್ಟು ಮಕ್ಕಳ ಕೈಲಿ ಬರೆಸಿದೆನಲ್ಲೇ! ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ, ಸುಮ್ಮನೆ ಸುತ್ತುತ್ತಿದ್ದಾನೆ." ನಗುತ್ತಿದ್ದರೂ ಕನ್ನಡಕ ತೆಗೆದು ಒರೆಸಿಕೊಂಡರು.

ನಿಂತೇ ಇದ್ದರೆ ಮಂಡಿ ನೋಯುತ್ತದೆ ಅಂತ ನನ್ನನ್ನು ಗದರಿ ಕಳಿಸಿದರು. ತಾವು ಆ ಹುಡುಗನನ್ನು ಕರೆತಂದು ತೋರಿಸಲು ಹೋದರು. ಆಮೇಲೆ ನಾನು ಎಂಟು ಗಂಟೆ ನಿದ್ದೆ ಮಾಡಿದೆನಂತೆ. ತಿಂಡಿಗೆ ಎಬ್ಬಿಸಿದರೂ ಏಳಲಿಲ್ಲವಂತೆ.

ಮನೆಗೆ ಬಂದಾಗ ಅವರ ಪಾದ ಊದಿ ಬೂಟು ಕಳಚಲು ಇಬ್ಬರೂ ಎಳೆಯಬೇಕಾಯಿತು. ಅಜ್ಜಂದಿರೇ, ದೂರದ ವಿಮಾನದಲ್ಲಿ ಆಗಾಗ ಎದ್ದು ನಡೆದಾಡಿ, ನೀರು ಕುಡಿಯಿರಿ. ಪಾಠ ಮಾಡುತ್ತಾ ಕೂರಬೇಡಿ. ಕಾಲು ಬಿಸಿನೀರಿನಲ್ಲಿಟ್ಟುಕೊಳ್ಳಿ ಅಂತ ಬಕೆಟ್ ತಂದರೆ ಮೇಷ್ಟ್ರು ಅಲ್ಲಿರಲಿಲ್ಲ. ಒಳಗೆ ಹಳೇ ಗ್ಲೋಬಿನ ಧೂಳು ಒರೆಸಿ, ನನ್ನ ಹೊಲಿಗೆ ಡಬ್ಬಿಯಲ್ಲಿ ದಾರ ಹುಡುಕುತ್ತಿದ್ದರು.