ಚೊಚ್ಚಲ ಹೆರಿಗೆ ಯಾರ ಖರ್ಚು?

ಏಳು ತಿಂಗಳು ತುಂಬಿದ ಸೊಸೆಯನ್ನು ತವರಿಗೆ ಕಳುಹಿಸುವಾಗ ನಾವು ಮಲ್ಲಿಗೆ ಮುಡಿಸುತ್ತೇವೆ, ಹೊಸ ಬಟ್ಟೆ ಉಡಿಸುತ್ತೇವೆ, ನೆಂಟರಿಗೆಲ್ಲ ಬಿರಿಯಾನಿ ಬಡಿಸುತ್ತೇವೆ. ಆಮೇಲೆ ಕಾರು ಹತ್ತಿಸಿ ಕೈ ತೊಳೆದುಕೊಳ್ಳುತ್ತೇವೆ. ಸ್ಕ್ಯಾನಿಂಗು, ಆಸ್ಪತ್ರೆಯ ಬಿಲ್ಲು, ಬಾಣಂತಿ ಮದ್ದು, ತೊಟ್ಟಿಲು, ನಲ್ವತ್ತು ದಿನಗಳ ಆರೈಕೆ, ಕೊನೆಗೆ ಮಗುವಿನ ಮೈಮೇಲಿನ ಬಂಗಾರ, ಎಲ್ಲವೂ ಹೆಣ್ಣಿನ ತಂದೆಯ ಪಾಲು. ನಮ್ಮ ಪರಿಚಯದ ಗಾರೆ ಕೆಲಸದವರೊಬ್ಬರು ಮಗಳ ಮದುವೆಗೆಂದು ಅಡವಿಟ್ಟಿದ್ದ ಹೆಂಡತಿಯ ಬಳೆಗಳನ್ನು ಬಿಡಿಸಿಕೊಂಡ ವಾರವೇ ಅದೇ ಮಗಳ ಸಿಸೇರಿಯನ್‌ಗಾಗಿ ಮತ್ತೆ ಅಡವಿಟ್ಟರು. ಅಳಿಯ ಬಂದದ್ದು ಮಗುವಿನ ಮುಖ ನೋಡಲು, ಮಿಠಾಯಿ ಪೊಟ್ಟಣದೊಂದಿಗೆ. ಇದನ್ನು ನಾವು ಸಂಪ್ರದಾಯ ಎನ್ನುತ್ತೇವೆ. ವರದಕ್ಷಿಣೆಯ ವಿರುದ್ಧ ಭಾಷಣ ಬಿಗಿಯುವ ನಮಗೆ ಅದರ ಎರಡನೇ ಕಂತು ಕಣ್ಣಿಗೆ ಬೀಳುವುದೇ ಇಲ್ಲ.

ತವರಿನ ಆಸರೆ ಬೇಡ ಎಂದು ನಾವು ಹೇಳುತ್ತಿಲ್ಲ. ಹೆರಿಗೆಯ ಹೊತ್ತಿಗೆ ಹೆತ್ತ ತಾಯಿ ಹತ್ತಿರವಿರಲಿ ಎಂದು ಯಾವ ಹೆಣ್ಣು ತಾನೇ ಬಯಸುವುದಿಲ್ಲ? ಅವಳು ಹೋಗಲಿ. ಪ್ರಶ್ನೆ ಇರುವುದು ಹೊಣೆಯ ಕುರಿತು. ಮಾತೆತ್ತಿದರೆ ಹೆಣ್ಣಿನ ಕರ್ತವ್ಯಗಳ ಪಟ್ಟಿ ಓದುವವರು ಕುರ್‌ಆನಿನ ತಲಾಖ್ ಅಧ್ಯಾಯವನ್ನೊಮ್ಮೆ ತೆರೆದು ನೋಡಬೇಕು. ತಲಾಖ್ ಆದವಳು ಗರ್ಭಿಣಿಯಾಗಿದ್ದರೆ ಹೆರಿಗೆಯಾಗುವ ತನಕ ಅವಳ ವೆಚ್ಚ ಗಂಡಿನದು. ಅವಳು ಮಗುವಿಗೆ ಹಾಲೂಡಿಸಿದರೆ ಅದಕ್ಕೂ ಪ್ರತಿಫಲ ಕೊಡಬೇಕು. ಸಂಬಂಧ ಕಡಿದುಕೊಂಡವನಿಗೇ ಇಷ್ಟು ಹೊಣೆಯಿರುವಾಗ, ಸಂಸಾರ ಮಾಡುತ್ತಿರುವವನು ಮಾವನ ಜೇಬಿಗೆ ಕೈ ಹಾಕಬಹುದೆಂದು ಯಾವ ಕಿತಾಬಿನಲ್ಲಿದೆ? ಈ ರೂಢಿ ನಮ್ಮಲ್ಲಿ ಮಾತ್ರ ಇರುವುದಲ್ಲ, ನೆರೆಮನೆಯ ಸೀಮಂತದ ಕಥೆಯೂ ಹೆಚ್ಚುಕಡಿಮೆ ಇದೇ. ಆದರೆ ಅಷ್ಟರಿಂದ ನಮ್ಮ ತಪ್ಪು ಹಗುರವಾಗುವುದಿಲ್ಲ.

ಗಂಡನ ಮನೆಯಲ್ಲಿ ಕಳೆದ ಏಳು ತಿಂಗಳಾದರೂ ಹೇಗಿದ್ದವು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ. ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲುಳಿದ ಸಾರಿಗೆ ಅನ್ನ ಕಲಸಿಕೊಳ್ಳುವವಳಿಗೆ ರಕ್ತ ಎಲ್ಲಿಂದ ಬರಬೇಕು? ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ಗರ್ಭಿಣಿ ರಮಝಾನಿನ ಉಪವಾಸ ಬಿಡಬಹುದೆಂದು ಮದ್ರಸದ ಮಕ್ಕಳಿಗೂ ಗೊತ್ತು. ಸಹ್ರಿಗೆಂದು ಮೂರೂವರೆಗೆ ಎದ್ದು ಒಲೆ ಹಚ್ಚುವುದರಿಂದ ಅವಳಿಗೆ ರಿಯಾಯಿತಿ ಕೊಟ್ಟ ಮನೆಗಳೆಷ್ಟು? 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿದಾಗ ಪತ್ರಿಕೆಗಳೆಲ್ಲ ಹೊಗಳಿದವು. ಕರಾವಳಿಯಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವವಳು ನೋವು ಕಾಣಿಸಿಕೊಳ್ಳುವ ದಿನದವರೆಗೂ ಮೊರ ಮಡಿಲಲ್ಲಿಟ್ಟುಕೊಂಡು ಹೊಗೆಸೊಪ್ಪಿನ ಧೂಳು ಸೇವಿಸುತ್ತಲೇ ಇದ್ದಾಳೆ.

ರಾಜ್ಯ ಸರಕಾರ 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆ ತಂದು ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು ಕೊಡಲು ಶುರು ಮಾಡಿತು. “ನಮ್ಮ ಸೊಸೆ ಅಂಗನವಾಡಿಯಲ್ಲಿ ಉಣ್ಣುವುದಾ? ಊರವರು ಏನೆಂದಾರು?” ಎಂದ ಅತ್ತೆಯರನ್ನು ನಾವೇ ಕಂಡಿದ್ದೇವೆ. ಸೊಸೆ ಬಿಳುಚಿಕೊಂಡರೆ ಹೋಗದ ಮಾನ ಮೊಟ್ಟೆ ತಿಂದರೆ ಹೋಗುತ್ತದೆಯೇ? ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲವೂ ಉಚಿತವಾಗಿರಬೇಕೆಂದು 2011ರಲ್ಲೇ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂತು. ಆ ಆಸ್ಪತ್ರೆಗಳ ಬಗ್ಗೆ ಜನರಿಗೆ ಭಯವಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದನ್ನು ನೋಡಿದ ಮೇಲೆ ಆ ಭಯ ಸುಳ್ಳೆನ್ನಲಾಗದು. ಆದರೆ ಆಸ್ಪತ್ರೆ ಸರಿಪಡಿಸಿ ಎಂದು ಬೀದಿಗಿಳಿಯುವುದಕ್ಕಿಂತ ಖಾಸಗಿ ನರ್ಸಿಂಗ್ ಹೋಮಿನ ಬಿಲ್ಲನ್ನು ಬೀಗರತ್ತ ದಾಟಿಸುವುದು ನಮಗೆ ಸಲೀಸಾಗಿ ಕಂಡಿದೆ.

ಜಮಾಅತ್‌ಗಳು ನಿಕಾಹ್ ದಾಖಲಿಸುವಾಗ ವರನು ವಧುವಿಗೆ ಕೊಡುವ ಮಹರ್ ಎಷ್ಟೆಂದು ಕೇಳಿ ಬರೆದುಕೊಳ್ಳುತ್ತವೆ. ಚೊಚ್ಚಲ ಹೆರಿಗೆಯ ಖರ್ಚು ನನ್ನದು ಎಂದು ಅದೇ ಪುಸ್ತಕದಲ್ಲಿ ಅವನಿಂದ ಇನ್ನೊಂದು ಸಾಲು ಬರೆಸಿ ಸಹಿ ಹಾಕಿಸಲು ಏನಡ್ಡಿ?