ಹಂಚಿನ ಮನೆಗೆ ಸೆಂಟ್ರಲ್ ಎ.ಸಿ. ಬೇಕೇ?

ಏಪ್ರಿಲ್ ಬಂತೆಂದರೆ ಕರಾವಳಿಯ ಅನೇಕ ಮನೆಗಳಲ್ಲಿ ಒಂದೇ ಚರ್ಚೆ. ಗಲ್ಫ್‌ನಲ್ಲಿರುವ ಮಗ ಫೋನಿನಲ್ಲಿ ಹೇಳುತ್ತಾನೆ: "ಉಮ್ಮಾ, ಖರ್ಚು ನಾನು ಕೊಡುತ್ತೇನೆ. ಇಡೀ ಮನೆಗೆ ಸೆಂಟ್ರಲ್ ಎ.ಸಿ. ಹಾಕಿಸೋಣ." ಮಗನ ಕಾಳಜಿ ದೊಡ್ಡದು. ಆದರೆ ಅಲ್ಲಿನ ಫ್ಲ್ಯಾಟ್ ಬೇರೆ, ನಮ್ಮ ಹಿರಿಯರು ಕಟ್ಟಿದ ಹಂಚಿನ ಮನೆ ಬೇರೆ.

ಸೆಂಟ್ರಲ್ ಎ.ಸಿ.ಯಲ್ಲಿ ತಂಪು ಗಾಳಿಯನ್ನು ಕೋಣೆ ಕೋಣೆಗೆ ಒಯ್ಯಲು ಅಗಲವಾದ ಕೊಳವೆಗಳು, ಅಂದರೆ ಡಕ್ಟ್‌ಗಳು ಬೇಕು. ಅವುಗಳನ್ನು ಮರೆಮಾಡಲು ಫಾಲ್ಸ್ ಸೀಲಿಂಗ್ ಬೇಕು. ಹೊಸ ಕಟ್ಟಡದಲ್ಲಿ ಇದಕ್ಕೆಲ್ಲ ಮೊದಲೇ ಜಾಗ ಬಿಟ್ಟಿರುತ್ತಾರೆ. ಹಳೆಯ ಮನೆಯಲ್ಲಿ ಗೋಡೆ ಒಡೆಯಬೇಕಾಗುತ್ತದೆ. ಹಂಚಿನಡಿಯ ಕಾವಿನಲ್ಲಿ ಡಕ್ಟ್ ಹಾದುಹೋದರೆ ತಂಪು ದಾರಿಯಲ್ಲೇ ಕಳೆದುಹೋಗುತ್ತದೆ. ಹೊದಿಕೆ ಸರಿಯಿಲ್ಲದಿದ್ದರೆ ನಮ್ಮ ತೇವದ ಹವೆಗೆ ಡಕ್ಟ್ ಬೆವರಿ, ಮರದ ಮೇಲೆ ನೀರು ತೊಟ್ಟಿಕ್ಕುತ್ತದೆ.

ಇನ್ನೊಂದು ಮಾತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಆರಂಭಿಸಿದ ಬಳಿಕ ಹಂಚಿನ ಮಾಡು ಊರೂರಿಗೆ ಹರಡಿತು. ಬಿಸಿಗಾಳಿ ಮೇಲೇರಿ ಹಂಚಿನ ಸಂದಿನಿಂದ ಹೊರಹೋಗುವುದೇ ಅದರ ಗುಣ. ಎ.ಸಿ.ಗೆ ಬೇಕಾದುದು ಇದಕ್ಕೆ ತದ್ವಿರುದ್ಧ, ಎಲ್ಲ ಕಡೆ ಮುಚ್ಚಿದ ಕೋಣೆ. ಆದ್ದರಿಂದ ಯಂತ್ರ ಆರಿಸುವ ಮೊದಲು ಕೋಣೆ ಆರಿಸಿ.

ವಯಸ್ಸಾದವರು, ಕಾಯಿಲೆಯವರು, ಬಾಣಂತಿ, ಹಸುಗೂಸು ಮಲಗುವ ಕೋಣೆಗೇ ಮೊದಲ ಹಕ್ಕು. ಸೆಕೆಯ ರಾತ್ರಿಗಳಲ್ಲಿ ಬೆವರು ಆರದೆ ಹೆಚ್ಚು ಬಳಲುವವರು ಅವರೇ. ಮೇಲೆ ಮರದ ಮುಚ್ಚಿಗೆಯಿರುವ ಕೆಳಗಿನ ಕೋಣೆ ಉತ್ತಮ. ಮುಚ್ಚಿಗೆಯ ಸಂದು, ಕಿಟಕಿಯ ಎಡೆ, ಬಾಗಿಲಿನ ಅಡಿಭಾಗ ಮುಚ್ಚಿಸಿ. ಇಂಥ ಕೋಣೆಗೆ ಡಕ್ಟ್ ಬೇಡದ ಸ್ಪ್ಲಿಟ್ ಎ.ಸಿ. ಸಾಕು. ಗೋಡೆಯಲ್ಲಿ ಎರಡೂವರೆ, ಮೂರು ಇಂಚಿನ ಒಂದು ತೂತು ಕೊರೆದರಾಯಿತು. ತೂತು ಹೊರಕ್ಕೆ ತುಸು ಇಳಿಜಾರಾಗಿರಲಿ, ಇಲ್ಲದಿದ್ದರೆ ನೀರು ಒಳಗೇ ಇಳಿಯುತ್ತದೆ. ಹೊರಗಿನ ಯಂತ್ರವನ್ನು ಹಳೆಯ ಮುರಕಲ್ಲಿನ ಗೋಡೆಗೆ ತೂಗುಹಾಕುವ ಬದಲು ನೆಲದ ಕಟ್ಟೆಯ ಮೇಲೆ ಇಡುವುದು ಕ್ಷೇಮ.

ಎರಡು ಮೂರು ಕೋಣೆಗೆ ಬೇಕೆಂದರೆ, ಹೊರಗೆ ಒಂದೇ ಯಂತ್ರವಿರುವ ಮಲ್ಟಿ ಸ್ಪ್ಲಿಟ್ ಉಂಟು. ಆದರೆ ಅದು ಕೆಟ್ಟರೆ ಎಲ್ಲ ಕೋಣೆಗಳೂ ಒಟ್ಟಿಗೆ ಬಿಸಿಯಾಗುತ್ತವೆ.

"ದೊಡ್ಡದೇ ಇರಲಿ" ಎನ್ನಬೇಡಿ. ನೂರು, ನೂರಿಪ್ಪತ್ತು ಚದರಡಿಯ ಕೋಣೆಗೆ ಸಾಮಾನ್ಯವಾಗಿ ಒಂದು ಟನ್ ಸಾಕು. ಅತಿ ದೊಡ್ಡ ಎ.ಸಿ. ಬೇಗ ತಣಿಸಿ ನಿಂತುಬಿಡುತ್ತದೆ, ಕೋಣೆಯ ತೇವ ಹಾಗೆಯೇ ಉಳಿಯುತ್ತದೆ. ಹಳೆಯ ವಯರಿಂಗ್ ನಂಬಬೇಡಿ. ಎ.ಸಿ.ಗೆ ಪ್ರತ್ಯೇಕ ಲೈನ್, ಎಂ.ಸಿ.ಬಿ., ಸರಿಯಾದ ಅರ್ತಿಂಗ್ ಇರಲೇಬೇಕು. ಮೀಟರಿಗೆ ಮಂಜೂರಾದ ಲೋಡ್ ಸಾಲುತ್ತದೆಯೇ ಎಂದೂ ಕೇಳಿಕೊಳ್ಳಿ.

2020ರಿಂದ ನಮ್ಮ ದೇಶದಲ್ಲಿ ಸ್ಟಾರ್ ಗುರುತಿನ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ. ಅದನ್ನು 18ಕ್ಕೆ ಇಳಿಸುವ ಅಗತ್ಯವಿಲ್ಲ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಜೊತೆಗೆ ಫ್ಯಾನ್ ನಿಧಾನಕ್ಕೆ ತಿರುಗಲಿ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸುವುದರಿಂದ ಮುಚ್ಚಿದ ಕೋಣೆಯಲ್ಲಿ ಊದು, ಲೋಬಾನ ಹೊತ್ತಿಸಬೇಡಿ. ಬೆಳಗ್ಗೆ ಕಿಟಕಿ ತೆರೆದಿಡಿ.

ಮಾಡು ಕೆದಕದೆ ಒಂದು ಕೋಣೆ ತಂಪಾದರೆ ಸಾಕು. ಕಡು ಸೆಕೆಯ ನಾಲ್ಕು ದಿನ ಅಜ್ಜಿಯ ಪಕ್ಕದಲ್ಲೇ ಮೊಮ್ಮಕ್ಕಳಿಗೂ ಚಾಪೆ ಹಾಸಬಹುದು.